ಬಂಡೆಗೆ ಬರೀ ‘ಏಳು’ ಎಂದ ದಿನ

ಆ ಊರಿನಲ್ಲಿ ಹೇಳಿದ್ದು ನಡೆಯುತ್ತಿತ್ತು. ಎಲ್ಲೋ ನಿಂತು ಹೇಳಿದರೆ ನಡೆಯುತ್ತಿರಲಿಲ್ಲ. ಊರ ನಡುವಿನ ಕರಿಬಂಡೆಗೆ ಬರಿಗಾಲು ತಾಗಿಸಿ ಹೇಳಬೇಕಿತ್ತು. ಬಂಡೆ ಅಂಗೈಯಂತೆ ಚಪ್ಪಟೆ, ಕಾಡಿಗೆಯಂತೆ ಕಪ್ಪು. ಅದರ ಮೂಲೆಯಲ್ಲಿ ಸಾಸಿವೆಯಷ್ಟು ಬೆಳಕೊಂದು ಹತ್ತುತ್ತ ಆರುತ್ತ ಇರುತ್ತಿತ್ತು. ಬೆಳಕು ಮಿಣುಕುತ್ತಿದ್ದರೆ ಬಂಡೆ ಕಿವಿಗೊಟ್ಟಿದೆ ಎಂದು ಅರ್ಥ. ಆಗ ‘ಗುಡಿಸು’ ಎಂದರೆ ಬೀದಿ ತನ್ನನ್ನು ತಾನೇ ಗುಡಿಸಿಕೊಳ್ಳುತ್ತಿತ್ತು. ‘ತುಂಬು’ ಎಂದರೆ ಕೊಡಗಳು ತುಂಬುತ್ತಿದ್ದವು. ಕೆಲಸ ಆದ ಮೇಲೆ ಬಂಡೆ ಆಯಿತು ಎನ್ನುತ್ತಿರಲಿಲ್ಲ, ಹೇಗಿದೆ ಎಂದು ಕೇಳುತ್ತಿರಲಿಲ್ಲ. ಮಾತು ತಿಳಿಯದೆ ಹೋದರೆ ಮಾತ್ರ ‘ಅಂಥ ಮಾತಿಲ್ಲ’ ಎಂದು ಗೊಣಗುತ್ತಿತ್ತು.

ತೊಂದರೆ ಏನೆಂದರೆ, ಬಂಡೆ ಹೇಳಿದ್ದನ್ನು ಮಾಡುತ್ತಿತ್ತು, ಹೇಳಬೇಕೆಂದುಕೊಂಡದ್ದನ್ನು ಮಾಡುತ್ತಿರಲಿಲ್ಲ. ಹಿಂದೆ ಒಬ್ಬಾತ ಸೆಕೆ ತಾಳಲಾರದೆ ‘ಬಾಗಿಲು ತೆಗೆ’ ಎಂದಿದ್ದ. ಊರಿನ ಬಾಗಿಲುಗಳೆಲ್ಲ ಕೀಲುಸಮೇತ ಇಲ್ಲವಾದವು. ಹೊಸ ಬಾಗಿಲು ಮಾಡಿಸುವವರೆಗೆ ನಾಯಿಗಳು ನಡುಮನೆಯಲ್ಲಿ ಮಲಗಿದವು. ಇನ್ನೊಬ್ಬಾಕೆ, ಅಡಿಗೆ ತಡವಾಯಿತೆಂದು, ‘ಅಳಿಯನನ್ನು ಕಾಯಿಸು’ ಎಂದಳು. ಅಡಿಗೆ ಮುಗಿಸಿ ಹೊರಗೆ ಬಂದು ನೋಡಿದರೆ ಅಳಿಯ ಕೆಂಪಗೆ ಕಾದು, ಹಬೆಯಾಡುತ್ತ, ಜಗಲಿಯಲ್ಲಿ ಕೂತು ತನ್ನನ್ನೇ ಊದಿಕೊಳ್ಳುತ್ತಿದ್ದ.

ಇಂಥವನ್ನೆಲ್ಲ ಕಂಡ ಊರು ಒತ್ತುಮಾತುಗಳನ್ನು ಕಲಿಯಿತು. ಅಕ್ಷರದ ಕಾಲಡಿಗೆ ಒತ್ತು ಬಂದು ಕೂತರೆ ಅಕ್ಷರದ ದನಿಯೇ ಬೇರೆಯಾಗುವುದಿಲ್ಲವೇ, ಹಾಗೆ ದೊಡ್ಡ ಮಾತಿನ ಬೆನ್ನಿಗೆ ಒಂದು ಸಣ್ಣ ಮಾತು. ಮೊದಲು ‘ಗುಡಿಸು’, ಆಮೇಲೆ ‘ಧೂಳೇಳದಂತೆ’. ಮೊದಲು ‘ತುಂಬು’, ಆಮೇಲೆ ‘ಕಂಠದ ತನಕ’. ಎರಡರ ನಡುವೆ ಒಂದು ಉಸಿರಿನಷ್ಟು ಜಾಗ ಬಿಡಬೇಕು. ಬಿಡದೆ ಅಂಟಿಸಿ ಹೇಳಿದರೆ ಬಂಡೆ ಅದನ್ನು ಯಾವುದೋ ಹೊಸ ಮಾತೆಂದು ತಿಳಿದು ಗೊಣಗಿ ಸುಮ್ಮನಾಗುತ್ತಿತ್ತು.

ಊರಿನ ಪರವಾಗಿ ಬಂಡೆಗೆ ಹೇಳುವ ಕೆಲಸ ಬಹುಕಾಲ ಒಬ್ಬ ಹೆಂಗಸಿನದಾಗಿತ್ತು. ಊರೆಲ್ಲ ಅವಳನ್ನು ದೊಡ್ಡಮ್ಮ ಎನ್ನುತ್ತಿತ್ತು. ಹೇಳಿ ಹೇಳಿ ಅವಳ ಗಂಟಲು ಸವೆಯಿತು. ಒಂದು ಬೆಳಿಗ್ಗೆ ಬಾಯಿ ತೆರೆದರೆ ಬರೀ ಗಾಳಿ ಬಂತು. ಆಮೇಲೆ ಆ ಕೆಲಸ ಅವಳ ತಂಗಿಯ ಮಗಳಿಗೆ ಬಂತು. ಹೊಸ ಹೇಳುಗಾರ್ತಿ ಎಳೆಯಳು. ಒತ್ತುಮಾತೆಂದರೆ ಅವಳಿಗೆ ಮಲ್ಲಿಗೆ ಮುಡಿದಷ್ಟು ಖುಷಿ. ‘ಗುಡಿಸು’ ಎಂದರೆ ಅವಳಿಗೆ ತೃಪ್ತಿಯಿಲ್ಲ. ಧೂಳೇಳದಂತೆ, ಇರುವೆಗೆ ನೋವಾಗದಂತೆ, ರಂಗೋಲಿ ಅಳಿಸದಂತೆ, ಮೂಲೆಯಿಂದ ಹಿಡಿದು, ನಗುನಗುತ್ತಾ... ಬೀದಿಯೂ ನಗುನಗುತ್ತಲೇ ಗುಡಿಸಿಕೊಳ್ಳುತ್ತಿತ್ತು, ಆದರೆ ಅಷ್ಟರಲ್ಲಿ ಹೊತ್ತು ನೆತ್ತಿಗೇರಿರುತ್ತಿತ್ತು. ದನಿ ಹೋದ ದೊಡ್ಡಮ್ಮ ಬಂಡೆಯ ಅಂಚಿನಲ್ಲಿ ನಿಂತು ನೋಡುತ್ತಿದ್ದಳು. ಕೆಲಸ ಬಿಟ್ಟಿದ್ದಳೇ ಹೊರತು ಬಂಡೆ ಬಿಟ್ಟಿರಲಿಲ್ಲ.

ಊರಿನ ಯಜಮಾನನಿಗೆ ಈ ಉದ್ದುದ್ದದ ಮಾತು ಹಿಡಿಸುತ್ತಿರಲಿಲ್ಲ. ಆತ ತನ್ನ ಮನೆಯಲ್ಲಿ ಒಂದೊಂದೇ ಮಾತಿನಲ್ಲಿ ಬದುಕುವವನು. ತಾ. ಹೋಗು. ಬಡಿಸು. ಸಾಕು. ಮಗಳ ಮದುವೆಯ ಮಾತುಕತೆಯನ್ನೂ ಆತ ‘ಆಯಿತು’ ಎಂಬ ಒಂದೇ ಮಾತಿನಲ್ಲಿ ಮುಗಿಸಿದ್ದ; ಮಗಳನ್ನು ಕೇಳಿರಲಿಲ್ಲ. ಅವಳು ಬೇಡವೆಂದಿರಲಿಲ್ಲ, ಬೇಕೆಂದೂ ಅಂದಿರಲಿಲ್ಲ. ಆ ಮನೆಯಲ್ಲಿ ಎರಡಕ್ಕೂ ಜಾಗವಿರಲಿಲ್ಲ.

ಮದುವೆಯ ಹಿಂದಿನ ದಿನ ಊರೆಲ್ಲ ಚಪ್ಪರದಡಿ ಹಾಡಿ ಕುಣಿದು ದಣಿಯಿತು. ಮರುದಿನ ಸೂರ್ಯ ಬಂದರೂ ಊರು ಏಳಲಿಲ್ಲ. ಗಂಡಿನವರು ಛತ್ರದಲ್ಲಿ ಗೊರಕೆ ಹೊಡೆಯುತ್ತಿದ್ದರು, ಪುರೋಹಿತ ಹೋಮಕುಂಡಕ್ಕೇ ಒರಗಿದ್ದ, ವಾಲಗದವನು ವಾಲಗವನ್ನು ತಬ್ಬಿಕೊಂಡು ಬಿದ್ದಿದ್ದ, ಅಡಿಗೆಭಟ್ಟ ಉರಿಯುವ ಒಲೆಯ ಮುಂದೆಯೇ ತೂಕಡಿಸುತ್ತಿದ್ದ. ಮುಹೂರ್ತ ಹತ್ತಿರ ಬರುತ್ತಿತ್ತು. ಯಜಮಾನ ಜರಿಪೇಟ ಸುತ್ತಿಕೊಂಡು ಬಂಡೆಯತ್ತ ಧಾವಿಸಿದ. ಹೇಳುಗಾರ್ತಿ ಆಗಲೇ ಅಲ್ಲಿ ನಿಂತು, ಊರನ್ನು ಎಬ್ಬಿಸಲು ಒತ್ತುಮಾತುಗಳನ್ನು ಮನಸ್ಸಿನಲ್ಲೇ ಪೋಣಿಸುತ್ತಿದ್ದಳು.

“ಇನ್ನೂ ಹೇಳಿಲ್ವೇನಮ್ಮಾ?” ಎಂದ ಯಜಮಾನ.

“ಹೇಳ್ತೀನಿ ಯಜಮಾನ್ರೇ. ಮಕ್ಕಳು ಬೆಚ್ಚಿಬೀಳಬಾರದು, ಮುದುಕರಿಗೆ ಸೊಂಟ ಹಿಡೀಬಾರದು, ಕನಸು ಕಾಣ್ತಿರೋರಿಗೆ ಕನಸು ಮುಗಿಯೋವರೆಗೂ...”

“ನಿನ್ನ ಮಾತು ಮುಗಿಯೋ ಹೊತ್ತಿಗೆ ನನ್ನ ಮೊಮ್ಮಗನ ನಾಮಕರಣ ಆಗಿರುತ್ತೆ. ಸರಿ ಆ ಕಡೆ. ಇವತ್ತಿನಿಂದ ಈ ಬಂಡೆಗೆ ಒಂದೇ ಮಾತು.”

“ಬರೀ ಏಳು ಅಂದ್ರೆ ಅದಕ್ಕೆ ಏನು ಗೊತ್ತಾಗ್ಬೇಕು ಯಜಮಾನ್ರೇ? ನಿದ್ದೆಯಿಂದ ಏಳೋದೋ, ನೆಲದಿಂದ ಏಳೋದೋ, ಆರಾದ ಮೇಲೆ ಬರೋ ಏಳೋ?”

“ನನ್ನ ಮಾತು ಯಾರಿಗೆ ಗೊತ್ತಾಗಿಲ್ಲ ಇಷ್ಟು ದಿನ?” ಎಂದು ಆತ ಚಪ್ಪಲಿ ಬಿಟ್ಟು ಬಂಡೆ ಹತ್ತಿದ. ಬಂಡೆಯ ಮೇಲೆಯೇ ಇದ್ದ ದೊಡ್ಡಮ್ಮ ಎರಡೂ ಕೈ ಅಡ್ಡ ಚಾಚಿದಳು. ಆತ ಅವಳ ತಲೆಯ ಮೇಲಿಂದಲೇ ಹೇಳಿದ:

“ಏಳು.”

ಬೆಳಕು ಒಮ್ಮೆ ಆರಿತು. ಬಂಡೆ ಸುಮ್ಮನಿತ್ತು.

ಮೊದಲು ಎದ್ದದ್ದು ರಂಗೋಲಿ. ಅಂಗಳಗಳಿಂದ ಬಿಳಿ ಎಳೆಗಳು ಬಿಡಿಸಿಟ್ಟ ಹಾಗೆಯೇ ಮೇಲೆದ್ದವು. ಅವುಗಳ ಹಿಂದೆ ಚೊಂಬುಗಳು, ಒನಕೆಗಳು, ಒರಳುಗಳು. ಆಮೇಲೆ ಕೋಳಿಗಳು, ತಮಗೆ ಇಷ್ಟು ಚೆನ್ನಾಗಿ ಹಾರಲು ಯಾವಾಗ ಬಂತೆಂದು ಬೆರಗಾಗಿ. ಮಂಚಗಳು ಮಲಗಿದವರ ಸಮೇತ ಕಿಟಕಿಗಳಿಂದ ಓರೆಯಾಗಿ ಹೊರಬಂದವು. ಮನೆಗಳು ಬುಡ ಸಡಿಲಿಸಿಕೊಂಡು, ಮೆಟ್ಟಿಲುಗಳನ್ನು ಸೆರಗಿನಂತೆ ಎತ್ತಿ ಹಿಡಿದು, ಒಂದರ ಹಿಂದೊಂದು ಎದ್ದವು. ಬಾವಿಯ ನೀರು ಬಾವಿಯಷ್ಟೇ ದಪ್ಪದ ಕಂಬವಾಗಿ ಎದ್ದು, ತನ್ನೊಳಗಿನ ಮೀನುಗಳಿಗೆ ಮೊದಲ ಬಾರಿಗೆ ಊರು ತೋರಿಸಿತು. ಯಜಮಾನ ಎದ್ದ. ಅವನ ಪೇಟ ಅವನಿಗಿಂತ ಮೊದಲೇ ಎದ್ದು, ಸುರುಳಿ ಬಿಚ್ಚಿಕೊಂಡು ದೊಡ್ಡ ಬೀದಿಯ ಉದ್ದಕ್ಕೂ ಹರಡಿತು.

ಹೇಳುಗಾರ್ತಿಯೂ ಎದ್ದಳು. ಹೊಟ್ಟೆಯಲ್ಲಿ ಯಾರೋ ಕಚಗುಳಿ ಇಟ್ಟ ಹಾಗಾಯಿತು. ಹೆದರಬೇಕೆಂದು ಅವಳಿಗೆ ಗೊತ್ತಿತ್ತು, ಆದರೆ ಬಾಯಿಂದ ಹೊರಟದ್ದು ನಗು. ಸುತ್ತ ನೋಡಿದರೆ ಎಲ್ಲರಿಗೂ ಅದೇ. ಭಾರ ಬಿಟ್ಟುಹೋದ ಮೈಗೆ ನಗದೆ ಇರಲು ಬರುತ್ತಿರಲಿಲ್ಲ. ಕುಂಟುಗಾಲಿನ ನೇಕಾರ ಗಾಳಿಯಲ್ಲಿ ಗಿರಕಿ ಹೊಡೆಯುತ್ತಿದ್ದ. ಎಚ್ಚರವಾದ ಪುರೋಹಿತ ತಲೆಕೆಳಗಾಗಿ ಜನಿವಾರ ಹುಡುಕುತ್ತ ನಗುತ್ತಿದ್ದ. ಅಡಿಗೆಭಟ್ಟ ತನ್ನ ಹುಳಿಯ ಕೊಪ್ಪರಿಗೆಯ ಹಿಂದೆ ಈಜುತ್ತಿದ್ದ. ಹುಳಿ ಚೆಂಡುಚೆಂಡಾಗಿ ತೇಲುತ್ತಿತ್ತು, ಹತ್ತಿರ ಬಂದ ಚೆಂಡನ್ನು ಜನ ಬಾಯಿಯಿಂದಲೇ ಹಿಡಿದು ಉಪ್ಪು ಸರಿಯಿದೆ ಎನ್ನುತ್ತಿದ್ದರು.

ಏಳದೆ ಉಳಿದದ್ದು ಬಂಡೆ ಒಂದೇ. ಮತ್ತು ಬಂಡೆಯ ಮೇಲೆ ದೊಡ್ಡಮ್ಮ. ಅಷ್ಟು ಕಾಲ ಮೇಲೆ ನಿಂತವಳನ್ನು ಬಂಡೆ ತನ್ನದೇ ತುಂಡೆಂದು ತಿಳಿದಿತ್ತೋ ಏನೋ, ಅವಳನ್ನು ಬಿಟ್ಟು ಊರನ್ನೆಲ್ಲ ಎತ್ತಿತ್ತು. ಬಯಲಾದ ಊರಿನ ನಡುವೆ ಅವಳು ಒಬ್ಬಳೇ ನಿಂತು, ಹಣೆಗೆ ಕೈ ಅಡ್ಡ ಹಿಡಿದು, ಮೇಲೆ ನೋಡುತ್ತಿದ್ದಳು. ನಗುತ್ತಿದ್ದ ಹೇಳುಗಾರ್ತಿಗೆ ಅದನ್ನು ಕಂಡು ಒಂದು ಗಳಿಗೆ ನಗು ನಿಂತಿತು.

ಆಗಲೇ ಯಜಮಾನನ ದನಿ ಕೇಳಿಸಿತು. “ಮಗಳು. ನನ್ನ ಮಗಳು ಎಲ್ಲಿ?”

ಮದುವೆಯ ಉಪವಾಸದಲ್ಲಿದ್ದ ಮದುಮಗಳು ಎಲ್ಲರಿಗಿಂತ ಹಗುರ. ಅವಳು ಎಲ್ಲರನ್ನೂ ದಾಟಿ, ಹದ್ದುಗಳನ್ನೂ ದಾಟಿ, ಕೆಂಪು ಧಾರೆ ಸೀರೆಯ ಒಂದು ಚುಕ್ಕೆಯಾಗಿದ್ದಳು. ಚುಕ್ಕೆ ಇನ್ನೂ ಸಣ್ಣದಾಗುತ್ತಿತ್ತು. ಏಳು ಎಂದಿದ್ದರೇ ಹೊರತು ಎಲ್ಲಿಯವರೆಗೆ ಎಂದು ಯಾರೂ ಹೇಳಿರಲಿಲ್ಲ.

ಯಜಮಾನ ಕೈಕಾಲು ಬಡಿಯುತ್ತ ಹೇಳುಗಾರ್ತಿಯ ಹತ್ತಿರ ಬಂದ. ಅವನೂ ನಗುತ್ತಿದ್ದ, ತಡೆಯಲಾಗುತ್ತಿರಲಿಲ್ಲ. ಆದರೆ ಕಣ್ಣಿಂದ ನೀರು ಹೊರಟು ಮಣಿಮಣಿಯಾಗಿ ಮೇಲಕ್ಕೆ ಹೋಗುತ್ತಿತ್ತು. “ಇಳಿ ಅನ್ನು ತಾಯಿ,” ಎಂದ. “ಬೇಗ ಇಳಿ ಅನ್ನು.”

“ಬರೀ ಇಳಿ ಅಂದ್ರೆ ಎಲ್ಲಾ ಪಾತಾಳಕ್ಕೆ ಇಳಿಯುತ್ತೆ. ಬೇಗ ಅಂತ ಸೇರಿಸಿದ್ರೆ ಮಡಕೆ ಒಡೆದ ಹಾಗೆ ಒಡೀತೀವಿ.”

“ಹಾಗಾದ್ರೆ ನಿನಗೆ ತೋಚಿದ್ದು ಸೇರಿಸು. ಎಷ್ಟು ಬೇಕಾದ್ರೂ ಸೇರಿಸು.”

“ಸೇರಿಸೋಕೆ ಮೊದಲು ಬಂಡೆಗೆ ಕಾಲು ತಾಗಬೇಕು. ಕೆಳಗೆ ಹೋಗೋದು ಹೇಗೆ? ಮೇಲೆ ಒದ್ದರೆ ಕೆಳಗೆ ಹೋಗಬಹುದು. ಒದೆಯೋಕೆ ಇಲ್ಲಿ ಹತ್ತಿರ ಗಟ್ಟಿಯಾದ್ದು ಏನೂ ಇಲ್ಲ, ನಿಮ್ಮನ್ನ ಬಿಟ್ಟರೆ.”

ತನ್ನನ್ನು ಒದ್ದರೆ ತಾನು ಇನ್ನೂ ಮೇಲಕ್ಕೆ ಹೋಗುತ್ತೇನೆಂದು ಯಜಮಾನನಿಗೆ ಅರ್ಥವಾಯಿತು. ಅವನು ಎದೆ ಒಡ್ಡಿದ. “ಗಟ್ಟಿಯಾಗೇ ಒದಿ,” ಎಂದ.

ಹೇಳುಗಾರ್ತಿ ತಲೆಕೆಳಗಾಗಿ, ಎರಡೂ ಪಾದಗಳನ್ನು ಯಜಮಾನನ ಜರಿಶಲ್ಯದ ಮೇಲಿಟ್ಟು, ಕ್ಷಮಿಸಿ ಎಂದು ಹೇಳಿ ಒದ್ದಳು. ಊರಿನ ಯಜಮಾನ ಮಗಳತ್ತ ಸುಂಯ್ಯನೆ ಹೋದ. ಹೇಳುಗಾರ್ತಿ ಬಂಡೆಯತ್ತ ಸುಂಯ್ಯನೆ ಬಂದಳು. ತೇಲುವ ಮಂಚಗಳ ನಡುವೆ, ಕಕ್ಕಾಬಿಕ್ಕಿಯಾದ ಮೀನುಗಳ ಪಕ್ಕ, ಯಾರದೋ ಮನೆಯ ಅಡಿಗೆಕೋಣೆಯ ಒಳಗಿಂದಲೇ ಹಾದು ಬಂದಳು. ಇನ್ನೇನು ವೇಗ ಸಾಲದೆ ಮತ್ತೆ ಮೇಲೇಳಬೇಕು, ಅಷ್ಟರಲ್ಲಿ ದೊಡ್ಡಮ್ಮ ತುದಿಗಾಲಲ್ಲಿ ನಿಂತು, ಕೈ ಚಾಚಿ, ಅವಳ ಜಡೆ ಹಿಡಿದು ಜಗ್ಗಿದಳು. ಪಾದ ಬಂಡೆಗೆ ತಾಗಿತು. ಬೆಳಕು ಮಿಣುಕತೊಡಗಿತು.

“ಇಳಿಮೆಲ್ಲ...” ಎಂದಳು ಹೇಳುಗಾರ್ತಿ. ಕಿಸಕ್ಕನೆ ನಗು ಬಂತು.

“ಅಂಥ ಮಾತಿಲ್ಲ,” ಎಂದಿತು ಬಂಡೆ.

“ಇಳಿಹಹ...”

“ಅಂಥ ಮಾತಿಲ್ಲ.”

ನಗು ಒಳಗಿಂದ ಗುಳ್ಳೆಗುಳ್ಳೆಯಾಗಿ ಬರುತ್ತಿತ್ತು. ಮಾತು ಮಾತಿನ ನಡುವೆ ಬಿಡಬೇಕಾದ ಶುದ್ಧ ಉಸಿರಿನ ಜಾಗ ಅವಳ ಹತ್ತಿರ ಇರಲಿಲ್ಲ. ಮೇಲಿಂದ ಊರು ಸಲಹೆ ಸುರಿಸತೊಡಗಿತು. “ಮೆತ್ತಗೆ ಅನ್ನು.” “ಮಧ್ಯಾಹ್ನದ ಮೇಲೆ ಅನ್ನು, ಇನ್ನೂ ಸ್ವಲ್ಪ ಹೊತ್ತು ಇಲ್ಲೇ ಇರ್ತೀವಿ.” “ನನ್ನ ಮನೆ ಬಾವಿ ಹತ್ತಿರಕ್ಕೆ ಇಳೀಲಿ.” “ನನ್ನತ್ತೆ ಪಕ್ಕದೂರಲ್ಲಿ ಇಳೀಲಿ.” ಎಲ್ಲವನ್ನೂ ಸೇರಿಸಿ ಹೇಳಿಬಿಡುವ ಆಸೆ ಅವಳಿಗೇ ಬಂತು. ಬಾಯಿ ತುಂಬ ಒತ್ತುಮಾತುಗಳು ನೆರೆದವು. ಆದರೆ ಒಂದರ ಕಾಲನ್ನು ಒಂದು ತುಳಿಯುತ್ತಿದ್ದವು. ಇಷ್ಟು ದಿನ ಚಂದಕ್ಕೆಂದು ಮುಡಿಸಿದ್ದ ಮಾತುಗಳಲ್ಲಿ ನಿಜಕ್ಕೂ ಬೇಕಾದದ್ದು ಯಾವುದೆಂದು ಅವಳು ಎಂದೂ ಆರಿಸಿರಲಿಲ್ಲ.

ದೊಡ್ಡಮ್ಮ ಅವಳ ಎರಡೂ ಕೆನ್ನೆ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಮುದುಕಿಯ ಮುಖದಲ್ಲಿ ನಗು ಇರಲಿಲ್ಲ. ಅವಳ ಭಾರ ಅವಳಲ್ಲೇ ಇತ್ತು. ಅವಳು ನಿಧಾನವಾಗಿ ಉಸಿರೆಳೆದಳು, ಬಿಟ್ಟಳು. ಹೇಳುಗಾರ್ತಿಯೂ ಎಳೆದಳು, ಬಿಟ್ಟಳು. ಮತ್ತೆ ಎಳೆದಳು. ನಗು ಹೊಟ್ಟೆಯ ತಳಕ್ಕೆ ಹೋಗಿ ಕೂತಿತು.

“ಇಳಿ,” ಎಂದಳು. ಉಸಿರು. “ಮೆಲ್ಲಗೆ.” ಉಸಿರು.

ಎಲ್ಲಿಗೆ ಎಂದು ಹೇಳಬೇಕು? ತಂತಮ್ಮ ಜಾಗಕ್ಕೆ ಎನ್ನೋಣವೆಂದರೆ, ಯಾರ ಜಾಗ ಯಾವುದೆಂದು ಬಂಡೆ ತೀರ್ಮಾನಿಸುತ್ತದೆ. ಮದುಮಗಳ ಜಾಗ ಯಾವುದು? ಅಪ್ಪನ ಮನೆಯೋ, ಗಂಡನ ಮನೆಯೋ? ಗಾಳಿಯಲ್ಲಿ ಕುಣಿಯುತ್ತಿರುವ ನೇಕಾರನ ಜಾಗ ಅವನ ಮಗ್ಗದ ಗುಂಡಿಯೇ? ಅವಳು ತಲೆಯೆತ್ತಿ ಅಷ್ಟೂ ನಗುಮುಖಗಳನ್ನು ನೋಡಿದಳು. ಈ ಊರು ಹುಟ್ಟಿದಾಗಿನಿಂದ ಬಂಡೆಗೆ ಎಲ್ಲರೂ ಹೇಳಿದ್ದರು. ಬಂಡೆಯ ಕೈಲಿ ಜನರನ್ನು ಕೇಳಿಸಿದವರು ಯಾರೂ ಇರಲಿಲ್ಲ.

“ಕೇಳಿಕೊಂಡು,” ಎಂದಳು. ಉಸಿರು. “ಯಾರನ್ನೂ ಬಿಡದೆ.”

ಮುಗಿಯಿತೆಂದು ಬಾಯಿ ಮುಚ್ಚುವಷ್ಟರಲ್ಲಿ ದೊಡ್ಡಮ್ಮ ತೋರುಬೆರಳನ್ನು ಅವಳ ಮೂಗಿನೆದುರು ಸುತ್ತಿಸಿದಳು. ಒಂದು ಸುತ್ತು, ಇನ್ನೊಂದು ಸುತ್ತು. ಹೇಳುಗಾರ್ತಿಗೆ ತಿಳಿಯಲಿಲ್ಲ. ದೊಡ್ಡಮ್ಮ ಮೇಲಿನ ಕೆಂಪು ಚುಕ್ಕೆಯನ್ನು ತೋರಿಸಿ, ತಲೆ ಅಡ್ಡ ಆಡಿಸಿ, ಮತ್ತೆ ಬೆರಳು ಸುತ್ತಿಸಿದಳು. ಒಮ್ಮೆ ಬೇಡವೆಂದವರು ಅಲ್ಲಿಯೇ ಉಳಿದುಬಿಟ್ಟರೆ?

“ಮತ್ತೆ ಮತ್ತೆ,” ಎಂದಳು ಹೇಳುಗಾರ್ತಿ.

ಬೆಳಕು ಆರಿತು. ಅಂಥ ಮಾತಿಲ್ಲ ಎಂದು ಬರಲಿಲ್ಲ. ಏರುವುದು ನಿಂತಿತು. ಇಡೀ ಊರು ಆಕಾಶದಲ್ಲಿ ಇದ್ದಲ್ಲಿಯೇ ತೂಗಾಡಿತು. ಆಮೇಲೆ ಬಂಡೆಯ ದನಿ, ಇಷ್ಟು ಕಾಲ ಗೊಣಗಿ ಮಾತ್ರ ಗೊತ್ತಿದ್ದ ದನಿ, ತುಸು ಸಂಕೋಚದಿಂದ, ಪ್ರತಿಯೊಬ್ಬರ ಕಿವಿಯ ಹತ್ತಿರವೇ ಕೇಳಿಸಿತು.

“ಇಳಿಸಲೇ?”

ಬಂಡೆಗೆ ತಿಳಿಯುತ್ತಿದ್ದ ಉತ್ತರಗಳು ಎರಡೇ: ಹೂಂ, ಊಹೂಂ. ಅಡಿಗೆಭಟ್ಟ ಎಲ್ಲರಿಗಿಂತ ಮೊದಲು ಹೂಂ ಎಂದ, ಒಲೆ ಅವನ ಪಕ್ಕದಲ್ಲೇ ಉರಿಯುತ್ತಿತ್ತು, ಹೋಳಿಗೆ ಸೀಯುತ್ತಿತ್ತು. ಮನೆಗಳು ಬಾಗಿಲನ್ನು ಕಿರ್ರೆನ್ನಿಸಿ ಹೂಂ ಎಂದವು, ಒಂದೊಂದಾಗಿ ಇಳಿದು ಕೂತವು. ಬಾವಿಯ ನೀರು ಬುಳುಕ್ಕೆಂದಿತು, ಬಂಡೆ ಅದನ್ನು ಹೂಂ ಎಂದೇ ತಿಳಿಯಿತು. ನೇಕಾರ ಊಹೂಂ ಎಂದ. ಕೋಳಿಗಳು ಒಕ್ಕೊರಲಿನಿಂದ ಊಹೂಂ ಎಂದವು.

ಮದುಮಗಳನ್ನು ಬಂಡೆ ಕೇಳಿತು, ಇಳಿಸಲೇ?

ಅಷ್ಟರಲ್ಲಿ ಯಜಮಾನ ಅವಳ ಹತ್ತಿರ ತಲುಪಿದ್ದ. ಅವಳು ಅಪ್ಪನ ಮುಖ ನೋಡಿದಳು. ಅವನು ಹೂಂ ಅನ್ನು ಎಂದು ಹೇಳಲು ಬಾಯಿ ತೆರೆದ, ಹೇಳಲಿಲ್ಲ. ಮುಚ್ಚಿಕೊಂಡ. “ನಿನಗೆ ಹೇಗೆ ಬೇಕೋ ಹಾಗೆ ಮಗಳೇ,” ಎಂದ. ಅವನ ಬಾಯಿಂದ ಅವಳು ಕೇಳಿದ ಮೊದಲ ಉದ್ದನೆಯ ಮಾತು ಅದು.

“ಊಹೂಂ,” ಎಂದಳು ಮದುಮಗಳು. ಹೇಳಿ, ಅದರ ರುಚಿ ಹಿಡಿಸಿ, ಯಾರೂ ಕೇಳದಿದ್ದರೂ ಇನ್ನೊಮ್ಮೆ ಊಹೂಂ ಎಂದಳು.

ಕೆಳಗೆ ತೇಲುತ್ತಿದ್ದ ಮದುಮಗನನ್ನು ಬಂಡೆ ಕೇಳಿತು. ಅವನು ಇನ್ನೂ ಅರೆನಿದ್ದೆಯಲ್ಲಿದ್ದ. ಮೇಲೆ ನೋಡಿದ, ಕೆಂಪು ಸೀರೆ ಕಂಡಿತು, ನಗು ಕೇಳಿಸಿತು. “ಊಹೂಂ,” ಎಂದು ಅತ್ತ ಈಜತೊಡಗಿದ. ಹತ್ತಿರ ಹೋದವನೇ, ಬಂಡೆಯಿಂದ ಆಗಲೇ ಕಲಿತವನಂತೆ, “ನಿಮಗೆ ನಾನು ಒಪ್ಪಿಗೆಯೇ?” ಎಂದು ಕೇಳಿದ.

ಅವಳು ಅವನನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದಳು. ಅಲ್ಲಿ ಮೇಲೂ ಕೆಳಗೂ ಒಂದೇ ಆಗಿದ್ದುದರಿಂದ ಅದಕ್ಕೆ ತುಸು ಹೊತ್ತು ಹಿಡಿಯಿತು. “ಹೂಂ,” ಎಂದಳು.

ಹಾಗಾಗಿ ಮದುವೆ ಅಲ್ಲಿಯೇ ಆಯಿತು. ಪುರೋಹಿತನನ್ನು ಹಿಡಿದು ನೆಟ್ಟಗೆ ನಿಲ್ಲಿಸಿದರು. ಧಾರೆ ಎರೆದ ನೀರು ಬೀಳಲೊಲ್ಲದೆ ಎರಡು ಕೈಗಳ ಸುತ್ತ ಗಾಜಿನ ಬಳೆಯಂತೆ ತಿರುಗಿತು. ಎಸೆದ ಅಕ್ಷತೆ ಎಸೆದಲ್ಲೇ ನಿಂತು, ಜೋಡಿ ಅದರ ನಡುವೆ ನಕ್ಷತ್ರಗಳ ನಡುವೆ ನಡೆದಂತೆ ನಡೆಯಿತು. ಹೋಳಿಗೆಯನ್ನು ಕೆಳಗಿಂದ ಭಟ್ಟ ಎಸೆದ, ಮೇಲೆ ಜನ ಹಿಡಿದರು. ಬಂಡೆ ಆಗಾಗ ಇಳಿಸಲೇ ಎಂದು ಕೇಳುತ್ತಿತ್ತು, ಯಾರೋ ಒಬ್ಬಿಬ್ಬರು ಉಂಡು ತೇಗಿ ಹೂಂ ಎನ್ನುತ್ತಿದ್ದರು, ಹತ್ತಿಯ ಹಾಗೆ ಇಳಿಯುತ್ತಿದ್ದರು. ಯಜಮಾನನಿಗೆ ಎತ್ತರವೆಂದರೆ ತಲೆ ತಿರುಗುತ್ತಿತ್ತು. ಆದರೂ ಕೇಳಿದಾಗಲೆಲ್ಲ ಕಣ್ಣು ಮುಚ್ಚಿಕೊಂಡು, ಸಣ್ಣ ದನಿಯಲ್ಲಿ ಊಹೂಂ ಎಂದ. ಮಗಳು ಹೂಂ ಎಂದ ಮೇಲೆಯೇ ಅವನೂ ಎಂದದ್ದು. ಆಗ ಹೊತ್ತು ಇಳಿಯುತ್ತಿತ್ತು. ಕೋಳಿಗಳೂ ಹಸಿದು ಇಳಿದವು.

ಹೇಳುಗಾರ್ತಿ ಈ ಎಲ್ಲವನ್ನೂ ಬಂಡೆಯ ಮೇಲಿಂದ, ಜಡೆ ದೊಡ್ಡಮ್ಮನ ಮುಷ್ಟಿಯಲ್ಲಿರುವಂತೆಯೇ ನೋಡಿದಳು. ಬಂಡೆ ಅವಳನ್ನೂ ಕೇಳಿತ್ತು, ಅವಳು ಮೊದಲ ಸಲವೇ ಹೂಂ ಎಂದಿದ್ದಳು, ಕೆಲಸ ಇತ್ತು. ಎಲ್ಲರೂ ಇಳಿದರೆಂದು ಖಚಿತವಾದ ಮೇಲೆ ಅವಳು ದೊಡ್ಡಮ್ಮನತ್ತ ತಿರುಗಿ, “ಮುಗೀತು, ಬಾ ದೊಡ್ಡಮ್ಮಾ, ಊಟ ಮಾಡೋಣ,” ಎಂದಳು.

ಮುಗಿದಿರಲಿಲ್ಲ. ಯಾರನ್ನೂ ಬಿಡದೆ ಎಂದು ಹೇಳಿಯಾಗಿತ್ತು. ತನ್ನ ಮೇಲೆ ನಿಂತಿರುವುದು ತಾನಲ್ಲ, ಬೇರೆ ಯಾರೋ ಎಂಬುದು ಬಂಡೆಗೆ ಆಗಷ್ಟೇ ಹೊಳೆಯಿತು. ಆಮೇಲೆ ದೊಡ್ಡಮ್ಮನ ಕಿವಿಯ ಹತ್ತಿರ, ಬಹಳ ಮೆಲ್ಲಗೆ ಕೇಳಿತು.

“ಇಳಿಸಲೇ?”

ಎಲ್ಲೂ ಏರದವಳನ್ನು ಎಲ್ಲಿಂದ ಇಳಿಸುವುದು? ಹೇಳುಗಾರ್ತಿಗೆ ನಗು ಬಂತು. ದೊಡ್ಡಮ್ಮ ನಗಲಿಲ್ಲ. ಹಗಲೆಲ್ಲ ಕತ್ತು ಚಾಚಿ ನೋಡಿದ್ದ ಆಕಾಶವನ್ನು ಇನ್ನೊಮ್ಮೆ ನೋಡಿದಳು. ಜಡೆ ಹಿಡಿದಿದ್ದ ಮುಷ್ಟಿ ಬಿಚ್ಚಿದಳು. ಗಂಟಲು ಸವೆದುಹೋಗಿದ್ದರೂ ಆ ಒಂದು ಉತ್ತರಕ್ಕೆ ಗಂಟಲು ಬೇಕಾಗಿರಲಿಲ್ಲ, ಮೂಗು ಸಾಕಿತ್ತು.

“ಊಹೂಂ.”

ಇಳಿಸಬೇಡ ಎಂದ ಮೇಲೆ ಅವಳು ಮೇಲೆ ಇರಲೇಬೇಕಲ್ಲ. ಬಂಡೆ ಹೇಳಿದ್ದನ್ನು ಮಾಡುವಂಥದ್ದು. ದೊಡ್ಡಮ್ಮನ ಒಡೆದ ಹಿಮ್ಮಡಿಗಳು ಬಂಡೆಯಿಂದ ಬಿಟ್ಟುಕೊಂಡವು, ಮೊದಲು ಒಂದು ಎಳೆಯಷ್ಟು, ಆಮೇಲೆ ಒಂದು ಗೇಣು, ಒಂದು ಮೊಳ. ಅವಳು ಸೀರೆಯ ನೆರಿಗೆ ಹಿಡಿದುಕೊಂಡಳು. ಅವಳ ಮೈ ಕುಲುಕತೊಡಗಿತು. ದನಿಯಿಲ್ಲದ ನಗು ಅದು, ಭುಜದಿಂದ ಶುರುವಾಗಿ ಪಾದದವರೆಗೆ.

ಊಟಕ್ಕೆ ಕರೆಯಲು ಬಂದ ಯಜಮಾನ ಕತ್ತೆತ್ತಿ ನೋಡಿ, ಎಷ್ಟು ಹೊತ್ತು ಇರ್ತಾಳಂತೆ ಎಂದು ಕೇಳಿದ.

“ಅದು ಕೇಳ್ತಾನೇ ಇರುತ್ತೆ,” ಎಂದಳು ಹೇಳುಗಾರ್ತಿ. “ಅವಳು ಹೂಂ ಅನ್ನೋವರೆಗೂ.”

ಅವಳು ಎಲೆಯಲ್ಲಿ ಹೋಳಿಗೆ ಸುತ್ತಿ, ತುದಿಗಾಲಲ್ಲಿ ನಿಂತು ಮೇಲೆ ಚಾಚಿದಳು. ದೊಡ್ಡಮ್ಮ ಬಗ್ಗಿ ತೆಗೆದುಕೊಂಡಳು. ಬಂಡೆ ಮತ್ತೆ ಕೇಳಿತು. ಬಾಯ್ತುಂಬ ಹೋಳಿಗೆ ಇಟ್ಟುಕೊಂಡೇ ಅವಳು ಉತ್ತರ ಕೊಟ್ಟಳು, ಮತ್ತು ಇನ್ನೊಂದು ಮೊಳ ಮೇಲೆ ಹೋದಳು.